ನಾಯಿ ಊಟ ಬಿಟ್ಟರೆ: ಅದು ಹಟವೇ, ತುಂಬಿದ ಹೊಟ್ಟೆಯೇ, ರೋಗವೇ?

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ನಮ್ಮ ಕನ್ನಡ ಮನೆಗಳಿಗೆ ನಾಯಿ ಹೊಸ ಅತಿಥಿಯಲ್ಲ. ಕುರಿಹಟ್ಟಿಗೆ ಕಾವಲಾಗಿ, ತೊಗರಿ ಹೊಲದ ಗುಡಿಸಲಿಗೆ ಜೊತೆಯಾಗಿ, ಮಗ್ಗದ ಮನೆಯ ಹೊಸ್ತಿಲಿಗೆ ಎಚ್ಚರವಾಗಿ ಅದು ತಲೆಮಾರುಗಳಿಂದ ನಮ್ಮೊಡನೆ ಇದೆ. ಮನೆಯವರು ಉಂಡು ಉಳಿದದ್ದನ್ನು ತಿಂದು ಅಂಗಳದಲ್ಲಿ ಮಲಗುವುದೇ ಅದರ ಬದುಕಾಗಿತ್ತು. ಅದರ ಊಟದ ಬಗ್ಗೆ ಯಾರೂ ಪ್ರತ್ಯೇಕವಾಗಿ ಯೋಚಿಸುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಮನೆಯೊಳಗೆ ಸಾಕುವ ನಾಯಿಗಳು ಹೆಚ್ಚಿವೆ, ಚೀಲದ ಸಿದ್ಧ ಆಹಾರ ಪಟ್ಟಣದ ಅಂಗಡಿಗಳಿಗೆ ಬಂದಿದೆ. ಅದರ ಜೊತೆಗೇ ಒಂದು ಹೊಸ ದೂರೂ ಕೇಳಿಬರುತ್ತಿದೆ: ‘ನಮ್ಮ ನಾಯಿ ಏನು ಹಾಕಿದರೂ ಮೂಸಿ ನೋಡಿ ಹೋಗುತ್ತದೆ.’

ಈ ದೂರನ್ನು ಹಗುರವಾಗಿ ಕಾಣುವಂತಿಲ್ಲ, ಅತಿಯಾಗಿ ಗಾಬರಿಪಡಬೇಕಾಗಿಯೂ ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ ನಾವೇ ಬೆಳೆಸಿದ ಅಭ್ಯಾಸ. ಕೆಲವೊಮ್ಮೆ ಅದು ಬಿಸಿಲಿನ ಪರಿಣಾಮ ಅಥವಾ ಅಗಲಿಕೆಯ ದುಃಖ. ಅಪರೂಪಕ್ಕೆ ಅದು ಮನೆಮಂದಿಯ ಪ್ರಾಣಕ್ಕೂ ಅಪಾಯ ತರಬಲ್ಲ ರೋಗದ ಮೊದಲ ಗುರುತು. ಈ ಮೂರನ್ನು ಬೇರ್ಪಡಿಸಿ ನೋಡುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲ ಪ್ರಶ್ನೆ: ತಿನ್ನಲು ಒಲ್ಲದೋ, ತಿನ್ನಲು ಆಗದೋ?

ಹಾಕಿದ್ದನ್ನು ಬಿಟ್ಟು ಬೇರೆಯದನ್ನು ಕೇಳುವ ನಾಯಿಯೇ ಬೇರೆ, ಏನನ್ನೂ ತಿನ್ನಲಾಗದ ನಾಯಿಯೇ ಬೇರೆ. ರೊಟ್ಟಿ ಮುಟ್ಟದಿದ್ದರೂ ಬೇಯಿಸಿದ ತತ್ತಿ ಕಂಡೊಡನೆ ಬಾಲ ಅಲ್ಲಾಡಿಸುತ್ತದೆ, ಎಂದಿನಂತೆ ಓಡಾಡುತ್ತದೆ, ನೀರು ಕುಡಿಯುತ್ತದೆ, ಮಲ ಗಟ್ಟಿಯಾಗಿದೆ, ತೂಕ ಇಳಿದಿಲ್ಲ ಎಂದಾದರೆ ಅದು ಬಹುಮಟ್ಟಿಗೆ ಅಭ್ಯಾಸದ ಹಟ. ಯಾವಾಗಲೂ ಆಸೆಪಟ್ಟು ತಿನ್ನುತ್ತಿದ್ದುದನ್ನೂ ಬಿಟ್ಟು ಮೂಲೆ ಸೇರಿದ್ದರೆ ಅದನ್ನು ಕಾಯಿಲೆಯೆಂದೇ ಭಾವಿಸಬೇಕು.

ಆರೋಗ್ಯವಾಗಿ ಕಾಣುವ ಬೆಳೆದ ನಾಯಿ ಒಂದು ಹೊತ್ತು ಊಟ ಬಿಟ್ಟರೆ ಚಿಂತಿಸಬೇಕಿಲ್ಲ. ಇಡೀ ಒಂದು ದಿನ, ಅಂದರೆ 24 ಗಂಟೆ ಏನನ್ನೂ ತಿನ್ನದಿದ್ದರೆ ಪಶುವೈದ್ಯರನ್ನು ಕೇಳಬೇಕು. ಮರಿಯಾದರೆ 12 ಗಂಟೆಗಿಂತ ಹೆಚ್ಚು ಕಾಯಬಾರದು. ಮರಿಗಳ ದೇಹದಲ್ಲಿ ಶಕ್ತಿಯ ಸಂಗ್ರಹ ಕಡಿಮೆ, ಅವು ಬೇಗ ಕುಸಿಯುತ್ತವೆ. ವಾಂತಿ, ರಕ್ತಭೇದಿ, ಬಿಳಿಚಿದ ಒಸಡು, ಉಬ್ಬಿದ ಹೊಟ್ಟೆ, ಏದುಸಿರು ಇವುಗಳಲ್ಲಿ ಒಂದಾದರೂ ಜೊತೆಗಿದ್ದರೆ ಗಂಟೆಗಳನ್ನು ಎಣಿಸುತ್ತ ಕೂಡಬಾರದು. ಲಸಿಕೆ ಹಾಕಿಸದ ಮರಿಯಲ್ಲಿ ವಾಂತಿ ಮತ್ತು ರಕ್ತಭೇದಿ ಒಟ್ಟಿಗೆ ಕಂಡರೆ ಅದು ಪಾರ್ವೋ ಆಗಿರಬಹುದು. ಅಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ನಾಯಿಯ ಸಹಜ ದೇಹತಾಪ ಮನುಷ್ಯರಿಗಿಂತ ಹೆಚ್ಚು, ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಕೈಯಿಂದ ಮುಟ್ಟಿ ‘ಬಿಸಿಯಾಗಿದೆ’ ಎಂದು ಜ್ವರವನ್ನು ನಿರ್ಧರಿಸಲಾಗದು. ನಮ್ಮ ಭಾಗದಲ್ಲಿ ಊಟ ಬಿಡಲು ಸಾಮಾನ್ಯ ಕಾರಣಗಳಲ್ಲೊಂದು ಉಣುಗಿನಿಂದ ಹರಡುವ ಜ್ವರ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಉಣುಗುಗಳಿವೆಯೇ ಎಂದು ನೋಡಬೇಕು. ಹೊಟ್ಟೆಹುಳು, ಹುಳುಕು ಹಲ್ಲು, ಒಸಡಿನ ಬಾವು ಇವೂ ಹಸಿವನ್ನು ಕೆಡಿಸುತ್ತವೆ. ತಟ್ಟೆಯ ಬಳಿಗೆ ಆತುರದಿಂದ ಬಂದು, ಬಾಯಿ ಹಾಕಿ, ಮತ್ತೆ ಹಿಂದೆ ಸರಿಯುವ ನಾಯಿಗೆ ಹಲ್ಲುನೋವು ಇರುವ ಸಾಧ್ಯತೆ ಹೆಚ್ಚು.

ಮನುಷ್ಯರಿಗೆ ಕೊಡುವ ನೋವಿನ ಮಾತ್ರೆ, ಜ್ವರದ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಔಷಧಗಳು ಅದರ ಯಕೃತ್ತು, ಮೂತ್ರಪಿಂಡ, ಜಠರಗಳನ್ನು ಹಾಳುಮಾಡಬಲ್ಲವು.

ಬಾಯಿಗೆ ಕೈ ಹಾಕಬೇಡಿ

ಇದೊಂದು ಎಚ್ಚರಿಕೆಯನ್ನು ಓದುಗರು ಮನೆಯಲ್ಲಿ ಎಲ್ಲರಿಗೂ, ಮುಖ್ಯವಾಗಿ ಮಕ್ಕಳಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ನಾಯಿ ಇದ್ದಕ್ಕಿದ್ದಂತೆ ಊಟ ನೀರು ಬಿಟ್ಟು ಜೊಲ್ಲು ಸುರಿಸುತ್ತ, ಬಾಯಿ ತೆರೆದುಕೊಂಡು ನಿಂತರೆ, ‘ಗಂಟಲಲ್ಲಿ ಎಲುಬು ಸಿಕ್ಕಿರಬೇಕು’ ಎಂದು ಬಾಯೊಳಗೆ ಕೈ ಹಾಕುವುದು ನಮ್ಮಲ್ಲಿ ಸಹಜ. ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ಒಂದು ರೂಪ ಹೀಗೆಯೇ ಕಾಣುತ್ತದೆ. ಎಲ್ಲ ಹುಚ್ಚುನಾಯಿಗಳೂ ಬೆನ್ನಟ್ಟಿ ಕಚ್ಚುವುದಿಲ್ಲ. ಕೆಲವು ಸುಮ್ಮನೆ ಕತ್ತಲೆಯ ಮೂಲೆ ಹಿಡಿಯುತ್ತವೆ. ಅವುಗಳ ಕೆಳದವಡೆ ಜೋತುಬೀಳುತ್ತದೆ, ಬೊಗಳುವ ದನಿ ಒಡೆಯುತ್ತದೆ, ನುಂಗಲು ಆಗುವುದಿಲ್ಲ.

ಜೊಲ್ಲಿನಲ್ಲಿರುವ ವೈರಾಣು ಕೈಯ ಮೇಲಿನ ಸಣ್ಣ ಗಾಯದಿಂದಲೂ ಒಳಸೇರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗ ಹೆಚ್ಚುಕಡಿಮೆ ಎಲ್ಲರಲ್ಲೂ ಪ್ರಾಣಾಂತಕ. ಲಕ್ಷಣ ಬರುವ ಮೊದಲು ಸರಿಯಾದ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಖಾರದ ಪುಡಿ, ಸುಣ್ಣ, ಅರಿಶಿನ ಹಚ್ಚಿ ಕಾಲ ಕಳೆಯಬಾರದು. ಇಂತಹ ನಾಯಿಯನ್ನು ಮುಟ್ಟದೆ, ಬಾಗಿಲು ಹಾಕಿ ಪ್ರತ್ಯೇಕವಾಗಿರಿಸಿ ಪಶುವೈದ್ಯರಿಗೆ ತಿಳಿಸಬೇಕು. ಮೂರು ತಿಂಗಳ ವಯಸ್ಸಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆ ಹಾಕಿಸಿದ ಮನೆಯಲ್ಲಿ ಈ ಭಯ ಬಹಳ ಕಡಿಮೆ.

ರೊಟ್ಟಿಯ ಲೆಕ್ಕ

ಕಾಯಿಲೆಯಿಲ್ಲವೆಂದು ಖಚಿತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ, ನಾಯಿ ದಿನವಿಡೀ ಏನೇನು ತಿನ್ನುತ್ತದೆ ಎಂಬುದನ್ನು ಬರೆದಿಡುವುದು. ಹತ್ತು ಕಿಲೋ ತೂಕದ, ಮನೆಯ ಆಸುಪಾಸಿನಲ್ಲಿಯೇ ಇರುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಸಾಕು. ಇಪ್ಪತ್ತು ಕಿಲೋದ ನಾಯಿಗೆ ಸುಮಾರು 1000 ಬೇಕು. ತೂಕ ಇಮ್ಮಡಿಯಾದರೂ ಆಹಾರ ಇಮ್ಮಡಿಯಾಗಬೇಕಿಲ್ಲ ಎಂಬುದನ್ನು ಗಮನಿಸಬೇಕು.

ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ ಇರುತ್ತದೆ. ನೂರು ಮಿಲಿಲೀಟರ್ ಎಮ್ಮೆಹಾಲಿನಲ್ಲಿ ಸುಮಾರು 100, ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 20. ಮುಂಜಾನೆ ಮನೆಯಲ್ಲಿ ಒಂದು ರೊಟ್ಟಿ ಮತ್ತು ಹಾಲು, ಮಧ್ಯಾಹ್ನ ನೆರೆಮನೆಯಲ್ಲಿ ಇನ್ನೊಂದು ರೊಟ್ಟಿ, ಸಂಜೆ ಚಹದಂಗಡಿಯ ಮುಂದೆ ಐದು ಬಿಸ್ಕತ್ತು ತಿಂದ ಹತ್ತು ಕಿಲೋದ ನಾಯಿಯ ಹೊಟ್ಟೆಗೆ ಆಗಲೇ 540 ಕ್ಯಾಲರಿ ಸೇರಿರುತ್ತದೆ. ರಾತ್ರಿ ಅದು ತಟ್ಟೆಯಿಂದ ಮುಖ ತಿರುಗಿಸಿದರೆ ಅದು ಹಟಮಾರಿಯಲ್ಲ, ಉಂಡ ನಾಯಿ. ಹಸಿವು ರುಚಿ ಅರಿಯದು ಎಂಬ ಗಾದೆ ನಾಯಿಗೂ ಸಲ್ಲುತ್ತದೆ. ಹಸಿವೇ ಇಲ್ಲದಾಗ ಉಳಿಯುವುದು ರುಚಿಯ ಆಯ್ಕೆ ಮಾತ್ರ.

ಆದ್ದರಿಂದ ನಡುನಡುವೆ ಕೊಡುವ ತಿನಿಸು ದಿನದ ಒಟ್ಟು ಆಹಾರದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಹತ್ತು ಕಿಲೋದ ನಾಯಿಗೆ ಅದು ಮೂರು ಬಿಸ್ಕತ್ತು ಅಥವಾ ರೊಟ್ಟಿಯ ಮೂರನೆಯ ಒಂದು ಚೂರು. ವಠಾರದಲ್ಲಿ ನಾಲ್ಕು ಮನೆಯವರು ಪ್ರೀತಿಯಿಂದ ಹಾಕುತ್ತಿದ್ದರೆ ಅವರಿಗೂ ಇದನ್ನು ವಿನಯದಿಂದ ತಿಳಿಸಬೇಕು.

ಹಟವನ್ನು ಕಲಿಸಿದವರು ಯಾರು?

ನಾಯಿ ರೊಟ್ಟಿ ಬಿಟ್ಟಿತೆಂದು ಅನ್ನ ಹಾಕುತ್ತೇವೆ. ಅನ್ನ ಬಿಟ್ಟಿತೆಂದು ಹಾಲು ಬೆರೆಸುತ್ತೇವೆ. ಅದನ್ನೂ ಬಿಟ್ಟಿತೆಂದು ಕೋಳಿಯ ತುಂಡು ತರುತ್ತೇವೆ. ಪ್ರತಿ ಸಲ ‘ಬೇಡ’ ಎಂದಾಗಲೂ ಇನ್ನೂ ಒಳ್ಳೆಯದು ಬರುತ್ತದೆ ಎಂಬ ಪಾಠವನ್ನು ನಾಯಿ ಬಹುಬೇಗ ಕಲಿಯುತ್ತದೆ. ಪಕ್ಕದಲ್ಲಿ ಕುಳಿತು ‘ತಿನ್ನು, ತಿನ್ನು’ ಎಂದು ಬೇಡಿಕೊಳ್ಳುವುದು, ಕೈತುತ್ತು ಹಾಕುವುದು ಈ ಪಾಠವನ್ನು ಗಟ್ಟಿಮಾಡುತ್ತವೆ. ಊಟ ಬಿಟ್ಟರೆ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ ಎಂಬುದೂ ನಾಯಿಗೆ ಒಂದು ಲಾಭವೇ.

ಇದನ್ನು ಬಿಡಿಸುವ ಕ್ರಮ ಸರಳ. ಬೆಳೆದ ನಾಯಿಗೆ ದಿನಕ್ಕೆ ಎರಡೇ ಹೊತ್ತು, ಒಂದೇ ಸಮಯಕ್ಕೆ, ಒಂದೇ ಜಾಗದಲ್ಲಿ, ಅಳತೆಯ ಆಹಾರ ಇಡಬೇಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ತಿಂದಿರಲಿ ಬಿಟ್ಟಿರಲಿ, ಮಾತಿಲ್ಲದೆ ತಟ್ಟೆಯನ್ನು ಎತ್ತಿಬಿಡಬೇಕು. ಮುಂದಿನ ಹೊತ್ತಿನವರೆಗೆ ನೀರು ಬಿಟ್ಟರೆ ಬೇರೇನೂ ಕೊಡಬಾರದು. ಗದರಿಸಬಾರದು, ಮುದ್ದಿಸಲೂಬಾರದು. ಆರೋಗ್ಯವಂತ ನಾಯಿ ಹೆಚ್ಚಾಗಿ ಒಂದೆರಡು ದಿನಗಳಲ್ಲಿ ಸಮಯವನ್ನು ಅರಿತು ಉಣ್ಣಲು ತೊಡಗುತ್ತದೆ. ಆದರೆ ಮೇಲೆ ಹೇಳಿದ 24 ಗಂಟೆಯ ಮಿತಿ ಇಲ್ಲಿಯೂ ಅನ್ವಯಿಸುತ್ತದೆ. ಇಡೀ ದಿನ ಒಂದು ತುತ್ತೂ ತಿನ್ನದಿದ್ದರೆ ಶಿಸ್ತನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಮರಿ, ಮುದಿ ನಾಯಿ, ಬಸುರಿ ನಾಯಿ, ಔಷಧಿಯಲ್ಲಿರುವ ನಾಯಿಗಳಿಗೆ ಈ ಕ್ರಮ ಸಲ್ಲದು.

ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಮಗ ತಟ್ಟೆ ಎತ್ತಿದ ಮೇಲೆ ಅಜ್ಜಿ ಸೆರಗಿನ ಮರೆಯಲ್ಲಿ ರೊಟ್ಟಿ ಕೊಟ್ಟರೆ ವಾರ ಕಳೆದರೂ ಫಲವಿಲ್ಲ.

ಮೂಗಿಗೆ ಮೊದಲ ಊಟ

ಮನುಷ್ಯನ ನಾಲಗೆಯಲ್ಲಿ ಸುಮಾರು 9000 ರುಚಿಮೊಗ್ಗುಗಳಿದ್ದರೆ ನಾಯಿಗೆ ಇರುವುದು ಸುಮಾರು 1700. ಆ ಕೊರತೆಯನ್ನು ತುಂಬುವುದು ಅದರ ಮೂಗು. ನಾಯಿ ಮೊದಲು ವಾಸನೆಯಿಂದ ಉಣ್ಣುತ್ತದೆ, ಆಮೇಲೆ ಬಾಯಿಂದ. ತಣ್ಣಗಾದ, ಫ್ರಿಜ್ಜಿನಿಂದ ತೆಗೆದ ಆಹಾರಕ್ಕೆ ಪರಿಮಳ ಕಡಿಮೆ. ಅದಕ್ಕೆ ಸ್ವಲ್ಪ ಬಿಸಿನೀರು ಅಥವಾ ಉಪ್ಪು, ಖಾರ, ಉಳ್ಳಾಗಡ್ಡಿ ಹಾಕದೆ ಕೋಳಿ ಬೇಯಿಸಿದ ನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಟ್ಟರೆ ಹಲವು ನಾಯಿಗಳು ಅದೇ ಆಹಾರವನ್ನು ಆಸೆಯಿಂದ ತಿನ್ನುತ್ತವೆ. ತಟ್ಟೆಯನ್ನು ಪ್ರತಿ ಹೊತ್ತೂ ತೊಳೆಯಬೇಕು. ಜಿಡ್ಡು ಹಳಸಿದ ವಾಸನೆ ನಮಗೆ ತಿಳಿಯದಿದ್ದರೂ ನಾಯಿಗೆ ತಿಳಿಯುತ್ತದೆ. ಬಾಗಿಲು ತೆರೆದಿಟ್ಟ ಚೀಲದ ಆಹಾರ ಬೇಸಿಗೆಯಲ್ಲಿ ಬೇಗ ಕಮಟುತ್ತದೆ, ಮುಚ್ಚಳದ ಡಬ್ಬಿಯಲ್ಲಿಡುವುದು ಒಳಿತು.

ಚೀಲದ ಆಹಾರಕ್ಕೆ ಬದಲಾಯಿಸುವುದಿದ್ದರೆ ಒಂದೇ ದಿನ ಬದಲಾಯಿಸಬಾರದು. ಮೊದಲು ಮೂರು ಪಾಲು ಹಳೆಯದು ಒಂದು ಪಾಲು ಹೊಸದು, ಆಮೇಲೆ ಸಮಪಾಲು, ಆಮೇಲೆ ಮೂರು ಪಾಲು ಹೊಸದು, ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಬದಲಾಯಿಸಿದರೆ ಭೇದಿಯಾಗದು, ನಾಯಿಯೂ ಒಪ್ಪುತ್ತದೆ.

ಜೋಳದ ರೊಟ್ಟಿ ಸಾಕೇ?

ನಾಯಿ ಮಾಂಸಾಹಾರಿ, ಅದಕ್ಕೆ ಧಾನ್ಯ ಒಗ್ಗದು ಎಂಬ ಮಾತು ಈಗ ಪ್ರಚಾರದಲ್ಲಿದೆ. ಅದು ಪೂರ್ಣ ಸತ್ಯವಲ್ಲ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ, ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ಅಧ್ಯಯನವೊಂದು, ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ತೋಳಗಳಿಗಿಂತ ನಾಯಿಗಳಲ್ಲಿ ಬಹಳ ಹೆಚ್ಚಾಗಿವೆ ಎಂದು ತೋರಿಸಿತು. ಮನುಷ್ಯರ ಜೊತೆ ಬಾಳಿ ನಾಯಿ ನಮ್ಮ ಕಾಳಿಗೂ ಒಗ್ಗಿಕೊಂಡಿದೆ. ಬೆಂದ ಜೋಳ, ನುಚ್ಚು, ಅನ್ನ ಅದಕ್ಕೆ ಜೀರ್ಣವಾಗುತ್ತವೆ.

ಆದರೆ ಬರಿಯ ರೊಟ್ಟಿ ಹಾಲು ಸಾಲದು. ಬೆಳೆದ ನಾಯಿಯ ಆಹಾರದ ಒಣತೂಕದಲ್ಲಿ ಕನಿಷ್ಠ 18 ಭಾಗ, ಮರಿಯ ಆಹಾರದಲ್ಲಿ 22 ಭಾಗಕ್ಕೂ ಮಿಗಿಲಾಗಿ ಪ್ರೋಟೀನ್ ಇರಬೇಕೆಂಬುದು ಅಂಗೀಕೃತ ಅಳತೆ. ಜೋಳದಲ್ಲಿರುವುದು ಸುಮಾರು 10 ಭಾಗ. ರೊಟ್ಟಿಯ ಜೊತೆಗೆ ಬೇಯಿಸಿದ ತತ್ತಿ, ಎಲುಬಿಲ್ಲದ ಕೋಳಿ, ಮುಳ್ಳು ತೆಗೆದ ಮೀನು, ಚೆನ್ನಾಗಿ ಬೆಂದ ಸಪ್ಪೆ ಬೇಳೆ ಸೇರಿಸಬೇಕು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮಾಂಸವನ್ನು ಎಲ್ಲಿಯೋ ಒಂದು ಕಡೆ ಇಡದೆ ರೊಟ್ಟಿಯಲ್ಲಿ ಚೆನ್ನಾಗಿ ಕಿವುಚಿ ಕಲಸಿದರೆ ಆರಿಸಿ ತಿನ್ನುವ ಅವಕಾಶವೂ ತಪ್ಪುತ್ತದೆ. ಬೆಳೆಯುವ ಮರಿಗೆ ಸುಣ್ಣದಂಶದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು, ಅದು ಕಡಿಮೆಯಾದರೂ ಹೆಚ್ಚಾದರೂ ಎಲುಬಿಗೆ ಕೇಡು. ಹಾಲು ಕುಡಿದ ಮೇಲೆ ಭೇದಿಯಾಗುವ ನಾಯಿಗಳಿಗೆ ಹಾಲು ನಿಲ್ಲಿಸಿ ಸ್ವಲ್ಪ ಮೊಸರು ಅಥವಾ ಮಜ್ಜಿಗೆ ಕೊಟ್ಟು ನೋಡಬಹುದು.

ರುಚಿ ಹೆಚ್ಚಿಸಲು ಸಾರು ಸುರಿಯುವ ಅಭ್ಯಾಸದ ಬಗ್ಗೆ ಇಲ್ಲಿ ಗಟ್ಟಿಯಾಗಿ ಹೇಳಬೇಕಾಗಿದೆ. ನಮ್ಮ ಸಾರು, ಪಲ್ಯ, ಹಿಂಡಿ ಯಾವುದೂ ಉಳ್ಳಾಗಡ್ಡಿ ಬೆಳ್ಳುಳ್ಳಿಯಿಲ್ಲದೆ ಆಗುವುದಿಲ್ಲ. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿಮಾಡಿದರೂ ವಿಷದ ಗುಣ ಹೋಗುವುದಿಲ್ಲ. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ತಿಂದ ನಾಯಿಗಳ ರಕ್ತದಲ್ಲಿ ಗಂಭೀರ ಬದಲಾವಣೆ ಕಂಡಿದೆ. ಅಂದರೆ ಐದು ಕಿಲೋದ ನಾಯಿಗೆ ಒಂದು ಸಾಧಾರಣ ಗಡ್ಡೆಯೇ ಅಪಾಯ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ, ಚಾಕೊಲೇಟ್ ಹೃದಯಕ್ಕೆ ಮಾರಕವಾಗಬಹುದು. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಒಗ್ಗರಣೆಗೆ ಮೊದಲೇ ನಾಯಿಯ ಪಾಲಿನ ಬೇಳೆಯನ್ನು ಬೇರೆ ತೆಗೆದಿಟ್ಟರೆ ಖರ್ಚಿಲ್ಲದೆ ಈ ಅಪಾಯ ತಪ್ಪುತ್ತದೆ.

ತೆಳ್ಳಗಿದ್ದರೆ ಹಸಿದಿದೆ ಎಂದಲ್ಲ

ಕೃಷ್ಣೆಯ ಎರಡೂ ದಂಡೆಗಳಲ್ಲಿ ಮುಧೋಳ ನಾಯಿಯ ಮೇಲೆ ಅಭಿಮಾನವಿದೆ. ಹಳ್ಳಿಗಳಲ್ಲಿ ಕಾರವಾನಿ ಎಂದೂ ಕರೆಯುವ ಈ ತಳಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಶ್ರಯ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ಈ ಮರಿಯನ್ನು ತಂದವರ ಸಾಮಾನ್ಯ ಅಳಲು, ‘ಎಷ್ಟು ಹಾಕಿದರೂ ಮೈ ಹತ್ತುವುದಿಲ್ಲ’ ಎಂಬುದು. ಮುಧೋಳ ನಾಯಿ ಓಡಿ ಬೇಟೆಯಾಡಲು ರೂಪುಗೊಂಡ ತಳಿ. ಆಳವಾದ ಎದೆ, ಒಳಸರಿದ ಹೊಟ್ಟೆ, ಕೊನೆಯ ಕೆಲವು ಪಕ್ಕೆಲುಬು ಕಾಣುವ ಮೈ ಅದಕ್ಕೆ ಸಹಜ. ಅದನ್ನು ದಪ್ಪ ಮಾಡಲು ತುಪ್ಪ, ಬೆಲ್ಲ, ಹಾಲು ಒತ್ತಾಯದಿಂದ ತಿನ್ನಿಸಿದರೆ ಹೊಟ್ಟೆ ಕೆಟ್ಟು, ಇರುವ ಹಸಿವೂ ಹೋಗುತ್ತದೆ. ಉಳಿದ ನಾಯಿಗಳಲ್ಲಿ ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಯಾಡಿಸಿದರೆ ಬೆರಳಿಗೆ ಸಿಗಬೇಕು. ಇದೇ ಸರಿಯಾದ ಮೈಕಟ್ಟಿನ ಗುರುತು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಟ್ಟರೆ ಅನುಮಾನವೇ ಇರದು. ನಾಯಿಯನ್ನು ಎತ್ತಿಕೊಂಡು ತೂಕ ನೋಡಿ, ನಮ್ಮ ತೂಕವನ್ನು ಕಳೆದರೆ ಸಾಕು.

ವಲಸೆ ಹೋದ ಮನೆಯ ನಾಯಿ

ಪಾಲಮೂರು ಸೀಮೆಯ ವಲಸೆ ಎಲ್ಲರಿಗೂ ತಿಳಿದದ್ದೇ. ಕೆಲಸ ಹುಡುಕಿ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಕುಟುಂಬಗಳು ನಾಯಿಯನ್ನು ಮುದುಕರ ಬಳಿ ಬಿಟ್ಟು ಹೋಗುತ್ತವೆ. ದಿನವೂ ತುತ್ತು ಹಾಕುತ್ತಿದ್ದ ಕೈ ಕಾಣದಾದಾಗ ನಾಯಿ ಬಾಗಿಲಲ್ಲಿ ಕುಳಿತು ಊಟ ಬಿಡುತ್ತದೆ. ಇದು ಹಟವಲ್ಲ, ಅಗಲಿಕೆಯ ನೋವು.

ಹೊರಡುವ ಹತ್ತು ಹದಿನೈದು ದಿನ ಮೊದಲೇ ಉಳಿಯುವವರ ಕೈಯಿಂದ ಊಟ ಹಾಕಿಸಲು ತೊಡಗಬೇಕು. ತಟ್ಟೆ, ಜಾಗ, ಹೊತ್ತು, ಆಹಾರ ಯಾವುದನ್ನೂ ಬದಲಾಯಿಸಬಾರದು. ಹೋದವರ ಒಗೆಯದ ಹಳೆಯ ಬಟ್ಟೆಯೊಂದನ್ನು ಮಲಗುವ ಜಾಗದಲ್ಲಿ ಹಾಸಿದರೆ ಆ ವಾಸನೆ ಸಮಾಧಾನ ಕೊಡುತ್ತದೆ. ಊಟಕ್ಕೆ ಮೊದಲು ಸ್ವಲ್ಪ ದೂರ ನಡೆದಾಡಿಸಿ, ಅರ್ಧಗಂಟೆ ಬಿಟ್ಟು ತಟ್ಟೆ ಇಡಬೇಕು. ಇಂತಹ ನಾಯಿಗೆ ತಟ್ಟೆ ಎತ್ತುವ ಶಿಸ್ತು ಬೇಡ. ಒಂದೆರಡು ದಿನ ಕೈತುತ್ತು ಕೊಟ್ಟರೂ ತಪ್ಪಿಲ್ಲ. ಲಸಿಕೆಯ ಚೀಟಿಯನ್ನು, ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಮುದುಕರ ಕೈಗೆ ಸಿಗುವಂತೆ ಗೋಡೆಗೆ ಅಂಟಿಸಿ ಹೋಗಬೇಕು.

ಬಿಸಿಲಿನ ದಿನಗಳು

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ತಾಪ 40 ಡಿಗ್ರಿ ದಾಟುತ್ತದೆ. ಆಗ ನಾಯಿ ಕಡಿಮೆ ತಿನ್ನುವುದು ದೇಹಧರ್ಮ. ಊಟವನ್ನು ಸೂರ್ಯೋದಯಕ್ಕೆ ಮೊದಲು ಮತ್ತು ಕತ್ತಲಾದ ಮೇಲೆ ಇಡಬೇಕು. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ನೀರು ಸಾಮಾನ್ಯ ಅಗತ್ಯ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮಣ್ಣಿನ ಪಾತ್ರೆಯಲ್ಲಿ ನೆರಳಿಗೆ ನೀರಿಡುವುದು ಉತ್ತಮ. ಕಲಸಿದ ಅನ್ನ ಬಿಸಿಲಲ್ಲಿ ಬೇಗ ಹುಳಿಯಾಗುತ್ತದೆ, ಉಳಿದದ್ದನ್ನು ಮತ್ತೆ ಇಡಬಾರದು.

ವೈದ್ಯರ ಮುಂದೆ ಹೇಳಬೇಕಾದ ಮಾತು

ನಮ್ಮ ಭಾಗದ ಬಹಳಷ್ಟು ಜನರಿಗೆ ತೆಲುಗು ಬರುತ್ತದೆ. ಆದರೂ ಮನೆಯಲ್ಲಿ ಕನ್ನಡವನ್ನೇ ಆಡುವ ಹಿರಿಯರು ಒಬ್ಬರೇ ಆಸ್ಪತ್ರೆಗೆ ಹೋದಾಗ ಲಕ್ಷಣ ಹೇಳಲು ತಡವರಿಸುವುದುಂಟು. ‘ಉಣ್ಣೆ ಹತ್ತಿದೆ’ ಎಂದರೆ ತೆಲುಗಿನವರ ಕಿವಿಗೆ ಅದು ‘ಉನ್ನಿ’, ಅಂದರೆ ಕುರಿಯ ತುಪ್ಪಳ ಎಂದು ಕೇಳಿಸಬಹುದು. ಉಣುಗಿಗೆ ತೆಲುಗಿನಲ್ಲಿ ‘ಪಿಡುದುಲು’ ಅಥವಾ ‘ಗೋಮಾರ್ಲು’ ಎನ್ನಬೇಕು. ಭೇದಿಗೆ ‘ವಿರೇಚನಾಲು’, ವಾಂತಿಗೆ ‘ವಾಂತುಲು’, ಹಸಿವಿಗೆ ‘ಆಕಲಿ’, ಗಂಟಲಿಗೆ ‘ಗೊಂತು’, ಜೊಲ್ಲಿಗೆ ‘ಚೊಂಗ’, ಕಚ್ಚಿತು ಎನ್ನಲು ‘ಕರಿಚಿಂದಿ’ ಎಂಬ ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಉಪಯೋಗವಾಗುತ್ತದೆ.

ವೈದ್ಯರು ಕೇಳುವ ಪ್ರಶ್ನೆಗಳು ಐದು: ಎಷ್ಟು ಹೊತ್ತಿನಿಂದ ತಿಂದಿಲ್ಲ, ನೀರು ಕುಡಿಯುತ್ತಿದೆಯೇ, ವಾಂತಿ ಭೇದಿ ಇದೆಯೇ, ಲಸಿಕೆ ಮತ್ತು ಜಂತುಹುಳುವಿನ ಔಷಧಿ ಯಾವಾಗ ಕೊಡಿಸಿದ್ದು, ಬೇರೆ ನಾಯಿ ಕಚ್ಚಿತ್ತೇ. ಈ ಐದಕ್ಕೆ ಉತ್ತರ ಸಿದ್ಧವಿದ್ದರೆ ಅರ್ಧ ಚಿಕಿತ್ಸೆ ಮುಗಿದಂತೆ. ಸಂಚಾರಿ ಪಶುಚಿಕಿತ್ಸಾ ಸೇವೆಗೆ ತೆಲಂಗಾಣ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಕರೆ ಸಂಖ್ಯೆ 1962.

ನಾಯಿಗೆ ಬಾಯಿಲ್ಲ, ತಟ್ಟೆಯೇ ಅದರ ಮಾತು. ಇಂದು ರಾತ್ರಿ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುವುದರಿಂದಲೇ ಕೆಲಸ ಆರಂಭಿಸಬಹುದು.